ಮುದ್ದೆಯೊಳಗಿನ ಮಾತ್ರೆ

ಧರ್ಮಪುರಿಯ ಆ ಡಾಕ್ಟರು ಮಾರಕ್ಕನ ಮುಖ ನೋಡಿದ್ದು ಒಂದೇ ಸಲ, ಅವಳು ಕುರ್ಚಿ ಬಿಟ್ಟು ನೆಲಕ್ಕೆ ಕೂರಲು ಹೋದಾಗ. "ಮೇಲೆ, ಪಾಟ್ಟಿ, ಮೇಲೆ" ಅಂದರು, ಅಜ್ಜಿಯರನ್ನು ತಮಿಳಿನಲ್ಲಿ ಕರೆಯುವ ಹಾಗೆ. ಅಲ್ಲಿಂದ ಮುಂದೆ ಕೇಳಿದ್ದೆಲ್ಲ ಮಗ ಗಿರಿಯನ್ನು, ಅದೂ ತಮಿಳಿನಲ್ಲಿ. ಪಾಟ್ಟಿ ನಿದ್ದೆ ಮಾಡ್ತಾರಾ, ಪಾಟ್ಟಿ ಊಟ ಮಾಡ್ತಾರಾ, ಪಾಟ್ಟಿ ಯಾರ ಹತ್ತಿರವಾದರೂ ಮಾತಾಡ್ತಾರಾ. ಮಾರಕ್ಕನಿಗೆ ತಮಿಳು ಬಾರದೆ ಇರಲಿಲ್ಲ. ನಲವತ್ತು ವರ್ಷ ಪೆನ್ನಾಗರಂ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿದವಳು ಅವಳು.

ಮಗಳು ಚಂದ್ರಿಕಾ ಅವ್ವನ ಬೆನ್ನ ಹಿಂದೆ ನಿಂತಿದ್ದಳು. ಕಾರಿಮಂಗಲಂನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು.

"ಒಂದೂವರೆ ತಿಂಗಳಾಯ್ತು ಮಾತ್ರೆ ಶುರು ಮಾಡಿ" ಎಂದರು ಡಾಕ್ಟರು. "ಚೂರೂ ಬದಲಾವಣೆ ಇಲ್ಲ ಅಂತೀರಿ. ರಾತ್ರಿಗೆ ಒಂದಿದ್ದದ್ದನ್ನು ಮೂರು ಮಾಡ್ತೀನಿ. ಹದಿನೈದು ದಿನ ನೋಡಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಸೇಲಂಗೆ ಕರ್ಕೊಂಡು ಹೋಗಿ ತಲೆಗೆ ಕರೆಂಟ್ ಕೊಡಿಸಿಬಿಡಿ."

ಗಿರಿ ತಲೆಯಾಡಿಸಿದ. ಕುರಿಗೆ ಜಂತಿನ ಮದ್ದು ಎಷ್ಟು ಹುಯ್ಯಬೇಕು ಎಂದು ಹೇಳಿದರೂ ಅವನು ಹೀಗೇ ತಲೆಯಾಡಿಸುತ್ತಿದ್ದ.

"ಅವರನ್ನೇ ಒಂದು ಮಾತು ಕೇಳಬಾರದಾ ಸಾರ್?" ಚಂದ್ರಿಕಾ ಕೇಳಿದಳು.

"ಮಾತಾಡಲ್ಲ ಅಂತ ನೀವೇ ಹೇಳಿದ್ರಲ್ಲಮ್ಮ. ಕೇಳಿದ್ರೆ ಯಾರು ಉತ್ತರ ಹೇಳ್ತಾರೆ?" ಡಾಕ್ಟರು ಮೇಜಿನ ಮೇಲಿನ ಗಂಟೆ ಒತ್ತಿದರು. ಮುಂದಿನವರು ಆಗಲೇ ಬಾಗಿಲಲ್ಲಿದ್ದರು.

ಹೊರಗೆ ಬಂದ ಮೇಲೆ ಚಂದ್ರಿಕಾಳ ಕಿವಿಯಲ್ಲಿ ಉಳಿದದ್ದು ಕರೆಂಟ್ ಎಂಬ ಒಂದೇ ಮಾತು. ಆ ಮಾತು ಅವ್ವನ ಎದುರಿಗೇ ಆಡಿದ್ದು. ಅವ್ವ ಇಲ್ಲವೇ ಇಲ್ಲ ಎನ್ನುವಂತೆ ಆಡಿದ್ದು. ಬಸ್‌ಸ್ಟ್ಯಾಂಡಿನವರೆಗೂ ಅವಳು ತಮ್ಮನ ಜೊತೆ ಮಾತಾಡಲಿಲ್ಲ. ಬಾಯಿ ಬಿಟ್ಟರೆ ರಸ್ತೆಯಲ್ಲೇ ಜಗಳವಾಗುತ್ತದೆಂದು ಗೊತ್ತಿತ್ತು.

ಮಾರಕ್ಕ ಹೀಗಾದದ್ದು ಆ ವರ್ಷ, ತೊಂಬತ್ತೇಳರಲ್ಲಿ, ಪೊಂಗಲ್ ಕಳೆದ ಮೇಲೆ. ಮೊದಲು ಕುರಿಗಳ ಕಡೆ ಹೋಗುವುದು ಬಿಟ್ಟಳು. ಆಮೇಲೆ ತಲೆಗೆ ಎಣ್ಣೆ ಹಚ್ಚುವುದು ಬಿಟ್ಟಳು. ಸೊಂಟದಲ್ಲಿ ಸದಾ ಇರುತ್ತಿದ್ದ ಎಲೆಅಡಿಕೆ ಚೀಲ ಗೋಡೆಯ ಗೂಟಕ್ಕೆ ಹೋಯಿತು. ಕತ್ತಲಲ್ಲಿ ಕೂಗು ಕೇಳಿಯೇ ಇಂಥ ಕುರಿ ಎಂದು ಹೇಳುತ್ತಿದ್ದವಳು, ಮರಿ ಹಾಕಲಾರದೆ ಒದ್ದಾಡುವ ಕುರಿ ಪಕ್ಕದಲ್ಲೇ ಅರಚುತ್ತಿದ್ದರೂ ಗೋಡೆ ನೋಡುತ್ತ ಕೂತಳು. ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು. ಆಗಲೂ ಅವಳು ಹೀಗಾಗಿರಲಿಲ್ಲ. ಬಂದವರೆಲ್ಲ ಕಾರಣ ಕೇಳಿದರು. ಮಗ ಚೆನ್ನಾಗಿ ನೋಡ್ಕೊಳ್ಳಲ್ವಾ? ಸೊಸೆ ಏನಾದ್ರೂ ಅಂದ್ಲಾ? ಏನು ಕಮ್ಮಿ ಆಗೈತೆ ನಿಂಗೆ? ಕಾರಣ ಸಿಗಲಿಲ್ಲವಾದ್ದರಿಂದ ಕಾಯಿಲೆಯೂ ಇಲ್ಲ ಎಂದು ತೀರ್ಮಾನವಾಯಿತು. ಪೆನ್ನಾಗರಂನಲ್ಲಿ ಒಬ್ಬರು ಶಕ್ತಿಗೆಂದು ಸೂಜಿ ಚುಚ್ಚಿ, "ವಯಸ್ಸಾಯ್ತಲ್ಲ, ಇಷ್ಟೇ" ಎಂದು ಕಳುಹಿಸಿದರು. ಅರವತ್ತಾರು ವರ್ಷ. ಹೋದ ವರ್ಷ ಇದೇ ಮುದುಕಿ ಹೊಗೇನಕಲ್ ಕಾಡಿನ ಅಂಚಿನವರೆಗೆ ಮಂದೆ ಹೊಡೆದುಕೊಂಡು ಹೋಗಿ ಬರುತ್ತಿದ್ದಳು.

ಧರ್ಮಪುರಿಯ ಡಾಕ್ಟರು ಮೊದಲ ಸಲ ಮಾತ್ರೆ ಬರೆದುಕೊಟ್ಟಾಗ ಮಾರಕ್ಕ ಕೈ ತಳ್ಳಿದಳು. "ನಂಗೇನೂ ಬ್ಯಾಡ." ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ಗಿರಿ ತನಗೆ ಗೊತ್ತಿದ್ದ ದಾರಿ ಹಿಡಿದ. ಕುರಿ ಮಾತ್ರೆ ನುಂಗದಿದ್ದರೆ ರಾಗಿ ಮುದ್ದೆಯ ಉಂಡೆಯೊಳಗೆ ಒತ್ತಿ ಗಂಟಲಿಗೆ ತಳ್ಳುತ್ತಾರೆ. ಮುದ್ದೆಯನ್ನು ಅಗಿಯುವವರು ಯಾರು? ಮನುಷ್ಯರೂ ನುಂಗುವುದೇ. ಹೆಂಡತಿ ಮಾದೇವಿಗೆ ಹೇಳಿ ರಾತ್ರಿಯ ಮುದ್ದೆಯ ನಡುವೆ ಮಾತ್ರೆ ಇಡಿಸಿದ. ತಟ್ಟೆ ಖಾಲಿಯಾಗಿ ಬಂತು. ಚಂದ್ರಿಕಾ ಬಂದಾಗ ಇದನ್ನು ನಗುತ್ತ ಹೇಳಿದ್ದ. ಅವಳೂ ನಕ್ಕಿದ್ದಳು. "ಒಳ್ಳೆ ಕೆಲ್ಸ ಮಾಡ್ದೆ ಬುಡು" ಅಂದಿದ್ದಳು.

ಅವತ್ತು ಡಾಕ್ಟರ ಹತ್ತಿರದಿಂದ ಹಟ್ಟಿಗೆ ಬಂದಾಗ ಸಂಜೆಯಾಗಿತ್ತು. ಬಸ್ಸು ನಿಂತ ಸದ್ದಿಗೇ ಹುಣಸೆಮರದವರೆಗೆ ಓಡಿಬರುತ್ತಿದ್ದ ಕರಿಯ ಬರಲಿಲ್ಲ. ನಾಯಿ ಕುರಿಗಳ ನೀರಿನ ತೊಟ್ಟಿಯ ಪಕ್ಕ ಬಿದ್ದುಕೊಂಡಿತ್ತು. ಚಂದ್ರಿಕಾ ಕರೆದರೆ ತಲೆ ಎತ್ತಿತು, ತೊಟ್ಟಿಗೆ ಮೂತಿ ಇಟ್ಟು ಲಬಲಬ ನೀರು ಕುಡಿಯಿತು, ಮತ್ತೆ ಬಿದ್ದುಕೊಂಡಿತು. ಎದ್ದಾಗ ಹಿಂಗಾಲು ಓಲಾಡುತ್ತಿತ್ತು.

"ಇದ್ಕೇನಾಗೈತೆ?"

"ಮುದಿ ಆಯ್ತು, ಇನ್ನೇನು" ಎಂದ ಗಿರಿ. "ನರಿ ಬಂದು ಎರಡು ಸಲ ಮರಿ ಎತ್ಕೊಂಡ್ ಓಯ್ತು. ಇದು ಕಣ್ಣೂ ಬುಡ್ಲಿಲ್ಲ. ನಾಳೀಕೆ ಚಿಕ್ಕಪ್ಪನ ಒಲದಾಗೆ ಕಟ್ಟಾಕ್ ಬತ್ತೀನಿ. ಅವ್ರ ಎಳೇ ನಾಯಿ ತತ್ತೀನಿ."

"ಅವ್ವನ ನಾಯಿ ಕಣೋ ಅದು."

"ಅವ್ವಂಗೆ ಅವ್ಳೇ ಬ್ಯಾಡಾಗವ್ಳೆ, ನಾಯಿ ಯಾಕಕ್ಕ?"

ಕತ್ತಲಾಗುವ ಮುನ್ನ ಮಾದೇವಿ ಅತ್ತೆಗೆ ತಟ್ಟೆ ಕೊಟ್ಟಳು. ಮಾರಕ್ಕ ಎಂದಿನಂತೆ ಅದನ್ನು ಎತ್ತಿಕೊಂಡು ಅಂಗಳದಾಚೆ, ಕುರಿರೊಪ್ಪದ ಬೇಲಿಯ ಕಲ್ಲಿಗೆ ಹೋಗಿ ಮನೆಗೆ ಬೆನ್ನು ಮಾಡಿ ಕೂತಳು. ಮದುವೆಯಾಗಿ ಬಂದಂದಿನಿಂದ ಅವಳು ಉಣ್ಣುವುದು ಅಲ್ಲೇ. ಮಂದೆ ಕಾಯುವವರು ತಮ್ಮ ತಟ್ಟೆಯಿಂದ ಮೊದಲ ತುತ್ತು ನಾಯಿಗೆ ಹಾಕಬೇಕು, ಆಮೇಲೆ ತಾವು ತಿನ್ನಬೇಕು. ಆ ಕಡೆಯ ಹಟ್ಟಿಗಳಲ್ಲೆಲ್ಲ ನಡೆದುಬಂದ ಪದ್ಧತಿ. ಕರಿಯ ಓಲಾಡುತ್ತ ಅವಳ ಹತ್ತಿರ ಹೋದದ್ದನ್ನು ಚಂದ್ರಿಕಾ ನೋಡಿದಳು. ನೋಡಿ, ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

"ಒಂದಗುಳೂ ಮಿಗ್ಸಲ್ಲ ಅತ್ತಿಗೆ" ಎಂದಳು ಮಾದೇವಿ, ಖಾಲಿ ತಟ್ಟೆ ತೋರಿಸುತ್ತ. ಆ ಹೆಮ್ಮೆ ಸುಳ್ಳಲ್ಲ. ಅವಳು ನಿಜವಾಗಿಯೂ ಮುತುವರ್ಜಿಯಿಂದ ಮುದ್ದೆ ಕಟ್ಟುತ್ತಿದ್ದಳು.

ಮಾರನೆಯ ದಿನ ಚಂದ್ರಿಕಾ ಕಾರಿಮಂಗಲಂಗೆ ಹಿಂತಿರುಗಿದಳು. ಅಲ್ಲಿನ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟ ಬೇಯಿಸುವುದು ಅವಳ ಕೆಲಸ. ಹೆಚ್ಚು ದಿನ ರಜೆ ಸಿಗುತ್ತಿರಲಿಲ್ಲ. ವಾರ ತುಂಬುವ ಮೊದಲೇ ಪಕ್ಕದ ಅಂಗಡಿಯ ಫೋನಿಗೆ ಗಿರಿ ಕರೆ ಮಾಡಿದ. ಪೆನ್ನಾಗರಂನ ಎಸ್‌ಟಿಡಿ ಬೂತಿನಿಂದ ಅವನ ದನಿ ಒಡೆದು ಬರುತ್ತಿತ್ತು.

"ಅಕ್ಕ, ಅವ್ವ ಏನೇನೋ ಮಾತಾಡ್ತಾವ್ಳೆ. ಸತ್ತೋದ ಅಪ್ಪನ್ನ ಕರೀತಾವ್ಳೆ. ಬೆಳಿಗ್ಗೆ ಎದ್ದೋಳು ಅಂಗೇ ಬಿದ್ಬುಟ್ಳು. ದೆವ್ವ ಮೆಟ್ಕೊಂಡೈತೆ ಅಂತಾವ್ರೆ. ಬೇಗ ಬಾ."

ಚಂದ್ರಿಕಾ ಹೋದಾಗ ಚಿಕ್ಕಪ್ಪ ಗೋಪಾಲಪ್ಪ ಜಗುಲಿಯಲ್ಲಿ ಕೂತಿದ್ದ. ಸಾವಿನ ಮನೆಯಲ್ಲೂ ಒಂದು ಕುಹಕ ಆಡದೆ ಇರಲಾರದ ಮನುಷ್ಯ. "ನಿಮ್ಮ ಮನೆ ಮುದ್ದೆ ತಿಂದ್ರೆ ಎಲ್ರೂ ಇಂಗೇ ಕಣಮ್ಮ. ಆ ನಾಯಿ ನೋಡು, ಇಲ್ಲಿದ್ದಾಗ ಹೆಣ. ನಮ್ಮ ಒಲಕ್ಕೆ ಬಂದ್ ಮೂರು ದಿನಕ್ಕೆ ಹುಲಿ ಆಗೈತೆ. ರಾತ್ರಿಯೆಲ್ಲ ಬೊಗಳಿ ನನ್ ನಿದ್ದೆ ಕೆಡಿಸ್ತೈತೆ."

ಚಂದ್ರಿಕಾ ಅದಕ್ಕೆ ಕಿವಿಗೊಡದೆ ಒಳಗೆ ಹೋದಳು. ಮಾರಕ್ಕ ಚಾಪೆಯ ಮೇಲೆ ಬೆರಳುಗಳಿಂದ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದಳು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು. ಕಿಬ್ಬೊಟ್ಟೆ ಗಟ್ಟಿಯಾಗಿ ಉಬ್ಬಿತ್ತು, ಮುಟ್ಟಿದರೆ ನರಳಿದಳು.

"ಉಚ್ಚೆ ಯಾವಾಗ ಉಯ್ದಳು?" 

ಮಾದೇವಿ ಗಂಡನ ಮುಖ ನೋಡಿದಳು. ಗಿರಿ ಹೆಂಡತಿಯ ಮುಖ ನೋಡಿದ. ಯಾರಿಗೂ ಗೊತ್ತಿರಲಿಲ್ಲ.

ಬಾಡಿಗೆ ವ್ಯಾನಿನಲ್ಲಿ ಸೇಲಂಗೆ ಹೊರಟರು. ಅಲ್ಲಿ ಮನೋರೋಗದ ಡಾಕ್ಟರೊಬ್ಬರು ಸಣ್ಣ ಆಸ್ಪತ್ರೆ ಇಟ್ಟುಕೊಂಡಿದ್ದಾರೆಂದು ಶಾಲೆಯ ಟೀಚರು ಹಿಂದೆ ಹೇಳಿದ್ದರು. ಹೆಸರು ಅರುಣಾಚಲಂ. ಅವರು ಯಾರನ್ನೂ ಏನೂ ಕೇಳುವ ಮೊದಲು ಮಾರಕ್ಕನ ಹೊಟ್ಟೆ ಮುಟ್ಟಿ ನೋಡಿ ನರ್ಸನ್ನು ಕೂಗಿದರು. ರಬ್ಬರ್ ನಳಿಕೆ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಮೂತ್ರ ಬಂತು. ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆಸಿದರು. ಅದನ್ನು ನೋಡುತ್ತ ತುಟಿ ಬಿಗಿಹಿಡಿದರು.

"ಇದು ದೆವ್ವವೂ ಅಲ್ಲ, ಹೊಸ ಹುಚ್ಚೂ ಅಲ್ಲ. ಮಾತ್ರೆಯ ಕೆಲಸ. ಈ ಮಾತ್ರೆ ಹಳೇದು, ಕೆಟ್ಟದ್ದೇನಲ್ಲ. ಎಷ್ಟೋ ಜನರಿಗೆ ಒಳ್ಳೇದು ಮಾಡಿದೆ. ಆದರೆ ವಯಸ್ಸಾದವರಿಗೆ ಬಾಯಿ ಒಣಗಿಸುತ್ತೆ, ಮೂತ್ರ ಕಟ್ಟುತ್ತೆ, ಎದ್ದ ತಕ್ಷಣ ತಲೆ ತಿರುಗಿಸಿ ಬೀಳಿಸುತ್ತೆ, ಬುದ್ಧಿಗೆ ಮಂಕು ಹಿಡಿಸುತ್ತೆ. ಎದೆಬಡಿತದ ದಾರಿ ಇವರಲ್ಲಿ ಸ್ವಲ್ಪ ನಿಧಾನ ಇದೆ. ಅಂಥವರಿಗೆ ನಾನಾಗಿದ್ರೆ ಇದನ್ನು ಕೊಡ್ತಾನೇ ಇರಲಿಲ್ಲ. ಕೊಡೋ ಮೊದಲು ಇಸಿಜಿ ತೆಗೆದಿದ್ರಾ?"

"ಇಲ್ಲ ಸಾರ್."

"ಕಣ್ಣು ನೋಡಿದ್ರಾ? ಬೇರೆ ಏನು ಔಷಧಿ ತಗೋತಾರೆ ಅಂತ ಕೇಳಿದ್ರಾ?"

"ನಿದ್ದೆ ಬತ್ತೈತಾ ಅಂದ್ರು ಸಾರ್."

ಡಾಕ್ಟರು ಇಸಿಜಿ ಕಾಗದವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಒಂದು ವಿಷಯ ತಾಳೆ ಆಗ್ತಿಲ್ಲ" ಎಂದರು. "ಒಂದೂವರೆ ತಿಂಗಳು ರಾತ್ರಿಗೊಂದು ತಗೊಂಡ್ರು ಅಂತೀರಿ. ಆಗ ಬಾಯಿ ಒಣಗ್ತಿತ್ತಾ? ಮಲಬದ್ಧತೆ? ತೂಕಡಿಕೆ?"

"ಏನೂ ಇಲ್ಲ ಸಾರ್. ಅದ್ಕೇ ಕೇಳ್ತಿಲ್ಲ ಅಂತ ಮೂರು ಮಾಡಿದ್ದು."

"ನುಂಗಿದ್ದನ್ನು ಯಾರು ಕಣ್ಣಾರೆ ನೋಡಿದ್ರು?"

"ಮುದ್ದೆಯೊಳಗೆ ಇಕ್ತಿದ್ವಿ ಸಾರ್" ಎಂದ ಗಿರಿ. "ತಟ್ಟೆ ಖಾಲಿ ಆಗ್ತಿತ್ತು."

"ಮುದ್ದೆ ಯಾರು ತಿಂದ್ರು?"

ಅದು ತಮಾಷೆಯ ಪ್ರಶ್ನೆಯೆಂದು ಗಿರಿ ಹಲ್ಲು ಬಿಟ್ಟ. ಚಂದ್ರಿಕಾ ಮಾತ್ರ ನಗಲಿಲ್ಲ. ತೊಟ್ಟಿಗೆ ಮೂತಿ ಇಟ್ಟು ಬಿದ್ದಿದ್ದ ನಾಯಿ. ಓಲಾಡುವ ಹಿಂಗಾಲು. ಕಣ್ಣು ಬಿಡದ ರಾತ್ರಿ, ನರಿ ಒಯ್ದ ಮರಿ. ಚಿಕ್ಕಪ್ಪನ ಹೊಲದಲ್ಲಿ ಮೂರೇ ದಿನಕ್ಕೆ ಹುಲಿ.

"ಕರಿಯ" ಎಂದಳು. "ಕರಿಯ ತಿಂದಿದ್ದು."

ನಾಯಿ ಹೋದ ಮೇಲೆ ಏನಾಯಿತೆಂದು ಮಾದೇವಿ ಅಳುತ್ತ ಹೇಳಿದಳು. ಮೊದಲ ದಿನ ತಟ್ಟೆ ತುಂಬಿದ್ದಂತೆಯೇ ವಾಪಸು ಬಂದಿತ್ತು. ನಾಯಿ ಕಳಿಸಿದ ಸಿಟ್ಟಿಗೆ ಅವ್ವ ಉಣ್ಣುತ್ತಿಲ್ಲವೆಂದು ಗಿರಿ ತಿಳಿದ. ಮಾರನೆಯ ದಿನದಿಂದ ಮಾದೇವಿ ಎದುರಿಗೆ ಕೂತು, ಗದರಿಸಿ, ತುತ್ತು ಮಾಡಿ ಬಾಯಿಗಿಟ್ಟಳು. ಅಭ್ಯಾಸವೇ ಇಲ್ಲದ ದೇಹಕ್ಕೆ ಒಮ್ಮೆಲೇ ಮೂರು ಮಾತ್ರೆ.

"ಅಂದ್ರೆ ಈ ಮಾತ್ರೆಗೆ ಇವರ ಕಾಯಿಲೆ ಬಗ್ಗಲಿಲ್ಲ ಅಂತ ಹೇಳೋಕೆ ಯಾವ ಆಧಾರವೂ ಇಲ್ಲ" ಎಂದರು ಅರುಣಾಚಲಂ. "ಇವರಿಗೆ ಇನ್ನೂ ಚಿಕಿತ್ಸೆಯೇ ಶುರುವಾಗಿಲ್ಲ. ನಾಯಿಗೆ ಆಗಿದೆ."

ಹಜಾರಕ್ಕೆ ಬಂದದ್ದೇ ಚಂದ್ರಿಕಾ ತಮ್ಮನ ಅಂಗಿಯ ಕಾಲರ್ ಹಿಡಿದಳು. 

"ಅವ್ವ ಏನು ಕುರಿಯೇನೋ? ಉಂಡೆಯೊಳಗೆ ಇಟ್ಟು ತಳ್ಳೋಕೆ? ಕರೆಂಟ್ ಕೊಡ್ಸು ಅಂದ್ರೆ ತಲೆ ಆಡ್ಸಿದ್ಯಲ್ಲ, ಒಂದು ದಿನ, ಒಂದೇ ಒಂದು ದಿನ ಎದ್ರುಗೆ ಕೂತು ನೋಡಿದ್ಯಾ ಅವ್ಳು ತಿಂತಾವ್ಳಾ ಇಲ್ವಾ ಅಂತ?"

"ಬುಡಕ್ಕ, ಎಲ್ರೂ ನೋಡ್ತಾವ್ರೆ. ನೀನು ಕಾರಿಮಂಗಲದಾಗೆ ಕೂತ್ಕೊಂಡು ಹೇಳೋದು ಸುಲಭ. ದಿನಾ ಅವ್ಳ ಜೊತೆ ಏಗೋದು ನಾವು. ನುಂಗಲ್ಲ ಅಂದ್ಳು. ನುಂಗಲ್ಲ ಅಂದ್ರೆ ಏನ್ ಮಾಡ್ಲಿ? ಸಾಯ್ಲಿ ಅಂತ ಬುಡ್ಲಾ? ನಾ ಹೇಳ್ದಾಗ ನೀನೂ ನಕ್ಕೆ. ಒಳ್ಳೆ ಕೆಲ್ಸ ಅಂದೆ. ಅಂದ್ಯೋ ಇಲ್ವೋ?"

ಅವಳ ಕೈ ಸಡಿಲವಾಯಿತು. ಅಂದಿದ್ದಳು. ಬೇರೆಯವರ ಅವ್ವನಿಗೆ ಹೀಗೆ ಮಾಡಿದ್ದರೆ ಏನನ್ನುತ್ತಿದ್ದಳೋ, ತನ್ನ ಅವ್ವನಿಗೆ ಮಾಡಿದಾಗ ನಕ್ಕಿದ್ದಳು. ಸಿಟ್ಟು ಕಡಿಮೆಯಾಗಲಿಲ್ಲ. ಧರ್ಮಪುರಿಯವರ ಮೇಲೆ, ತಮ್ಮನ ಮೇಲೆ ಹೋಗುತ್ತಿದ್ದದ್ದು ಈಗ ತನ್ನ ಕಡೆಗೂ ತಿರುಗಿ ಎರಡರಷ್ಟಾಯಿತು.

ಮೂರು ದಿನಕ್ಕೆ ಮಾರಕ್ಕನ ಬುದ್ಧಿ ತಿಳಿಯಾಯಿತು, ನಳಿಕೆ ತೆಗೆದರು. ಗಾಳಿ ಹೆಕ್ಕುವುದು ನಿಂತಿತು. ಅದರ ಜಾಗಕ್ಕೆ ಹಳೆಯ ಮೌನ ಬಂತು. ಆಸ್ಪತ್ರೆಯ ಗೋಡೆ ನೋಡುತ್ತ ಮಲಗಿದಳು.

ಅರುಣಾಚಲಂ ಚಂದ್ರಿಕಾ, ಗಿರಿ ಇಬ್ಬರನ್ನೂ ಕೂರಿಸಿಕೊಂಡರು. ಹೊಸ ಜಾತಿಯ ಮಾತ್ರೆಯೊಂದು ಕೆಲವು ವರ್ಷಗಳಿಂದ ಸಿಗುತ್ತಿದೆ. ಮೂತ್ರ ಕಟ್ಟುವುದು, ಬೀಳಿಸುವುದು ಅದರಲ್ಲಿ ಕಡಿಮೆ, ಎದೆಗೂ ಅಷ್ಟು ಭಾರವಲ್ಲ. ಹಾಗೆಂದು ತೊಂದರೆಯೇ ಇಲ್ಲವೆಂದಲ್ಲ: ಮೊದಮೊದಲು ಹೊಟ್ಟೆ ತೊಳಸುತ್ತದೆ, ಚಡಪಡಿಕೆಯಾಗುತ್ತದೆ, ವಯಸ್ಸಾದವರಲ್ಲಿ ರಕ್ತದ ಉಪ್ಪು ಇಳಿಯಬಹುದು, ಎರಡು ವಾರಕ್ಕೆ ಪರೀಕ್ಷೆ ಮಾಡಬೇಕು. ಸಣ್ಣ ಅಳತೆಯಿಂದ ಶುರು ಮಾಡಿ ನಿಧಾನವಾಗಿ ಏರಿಸಬೇಕು. ಗುಣ ಕಾಣಲು ತಿಂಗಳು ಬೇಕು, ಎರಡೂ ಆಗಬಹುದು.

"ಕರೆಂಟು?" ಗಿರಿ ಕೇಳಿದ.

"ಅದು ಶಿಕ್ಷೆ ಅಲ್ಲಪ್ಪ, ಮಾತು ಕೇಳದವರಿಗೆ ಕೊಡೋದೂ ಅಲ್ಲ. ನೀರೂ ಬೇಡ ಅನ್ನೋ ಸ್ಥಿತಿಗೆ ಹೋದವರನ್ನು ಅದು ಬೇಗ ಎಬ್ಬಿಸುತ್ತೆ. ಅಂಥ ದಿನ ಬಂದ್ರೆ ನಾನೇ ಹೇಳ್ತೀನಿ. ಇವತ್ತು ಅದಕ್ಕಿಂತ ಮೊದಲು ಮಾಡೋದು ಒಂದಿದೆ. ಆಯ್ಕೆ ಅವರದ್ದು. ಅವರನ್ನು ಕೇಳಬೇಕು. ಮುದ್ದೆ ವಿಷಯವನ್ನೂ ಅವರಿಗೆ ಹೇಳಬೇಕು."

"ಹೇಳಿದ್ರೆ ಇನ್ನು ಮುದ್ದೆಯೂ ತಿನ್ನಲ್ಲ ಸಾರ್. ಮಾತ್ರೇನೂ ಬ್ಯಾಡ ಅಂತಾಳೆ. ಆಮೇಲೆ?"

"ಬೇಡ ಅನ್ನಬಹುದು. ಅದಕ್ಕೇ ಕೇಳೋದು ಅನ್ನೋದು."

ಹೇಳುವ ಕೆಲಸ ಚಂದ್ರಿಕಾಳಿಗೆ ಬಂತು. ಮಂಚದ ಅಂಚಿಗೆ ಕೂತು, ಮೊದಲಿಂದ ಕೊನೆಯವರೆಗೆ, ತಾನು ನಕ್ಕದ್ದನ್ನೂ ಬಿಡದೆ ಹೇಳಿದಳು. ಗಿರಿ ಕಿಟಕಿಯ ಹತ್ತಿರ ನಿಂತಿದ್ದ. ಮಾರಕ್ಕ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಕೇಳಿಸಿತೋ ಇಲ್ಲವೋ ತಿಳಿಯದೆ ಚಂದ್ರಿಕಾ ಎದ್ದೇಳಬೇಕೆಂದಿದ್ದಾಗ ಒರಟು ದನಿಯೊಂದು ಬಂತು.

"ಕರಿಯ ಬದುಕೈತಾ?"

"ಐತವ್ವ. ಚಿಕ್ಕಪ್ಪನ ಒಲದಾಗೈತೆ. ಚೆನ್ನಾಗೈತೆ."

ಮಾರಕ್ಕ ನಿಧಾನವಾಗಿ ಎದ್ದು ಕೂತಳು. ಮಗನ ಕಡೆ ತಿರುಗಿದಳು.

"ಬೆಳಿಗ್ಗೆ ಒಂದೀಟು ಅಂಬ್ಲಿ ಬುಟ್ರೆ ನಂಗೆ ಅನ್ನ ಸೇರ್ತಿರ್ಲಿಲ್ಲ. ಮಣ್ಣು ತಿಂದಂಗಾಗ್ತಿತ್ತು. ಸೊಸೆ ಕಟ್ಟಿದ್ ಮುದ್ದೆ ಚೆಲ್ಲಬಾರ್ದು ಅಂತ ನಾಯಿಗಾಕ್ದೆ. ಮೂಕ ಜೀವ. ನನ್ ಕೈಯಾಗೆ ಅದ್ಕೆ ವಿಷ ಇಕ್ಕಿಸಿದ್ಯಲ್ಲೋ."

"ವಿಷ ಅಲ್ಲವ್ವ, ಮಾತ್ರೆ..."

"ಬಾಯಿ ಮುಚ್ಚಲಾ! ನಿಂಗೆ ಎದೆ ಹಾಲು ಕುಡ್ಸಿದ್ದೀನಿ ನಾನು. ಅದ್ರಾಗೆ ಏನಾದ್ರೂ ಬಚ್ಚಿಟ್ಟು ಕುಡ್ಸಿದ್ನಾ? ಮಾತ್ರೆ ಬ್ಯಾಡ ಅಂದೆ, ಔದು. ಯಾಕ್ ಬ್ಯಾಡ ಅಂತ ಒಬ್ಬ ಮಗ ಕೇಳಿದ್ನಾ? ಮಗಳು ಕೇಳಿದ್ಳಾ? ಇವ್ಳೂ ನಕ್ಕಳಂತೆ. ನಗ್ರಿ, ನಗ್ರಿ."

ನರ್ಸು ಬಾಗಿಲಿಗೆ ಬಂದು ಇಣುಕಿದಳು. ಪೊಂಗಲ್‌ನಿಂದ ಈಚೆಗೆ ಮಾರಕ್ಕ ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಇದೇ ಮೊದಲು. ಚಂದ್ರಿಕಾ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು.

"ಈಗ ಕೇಳ್ತೀನವ್ವ. ಯಾಕೆ ಬ್ಯಾಡ ಅಂದೆ?"

ಮಾರಕ್ಕ ಮಗಳನ್ನು ನೋಡಿದಳು. "ವಾಸಿ ಆಗೋದು ಯಾರಿಗ್ ಬೇಕಿತ್ತು" ಎಂದಳು. ಅಷ್ಟೇ. ಗಿರಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಸಂಜೆ ಅರುಣಾಚಲಂ ಸ್ಟೂಲು ಎಳೆದುಕೊಂಡು ಮಾರಕ್ಕನ ಎದುರಿಗೇ ಕೂತರು. ಬದುಕು ಬೇಡ ಅನ್ನಿಸುತ್ತಾ ಎಂದು ನೇರವಾಗಿ ಕೇಳಿದರು. ಅನ್ನಿಸುತ್ತದೆ, ಬೆಳಗಿನ ಜಾವ ಜಾಸ್ತಿ, ಆದರೆ ಏನೂ ಮಾಡಿಕೊಳ್ಳುವ ಮನಸ್ಸಿಲ್ಲ ಎಂದು ಅವಳು ತಮಿಳಿನಲ್ಲೇ ಹೇಳಿದಳು. ಬೆಳಗಿನ ಜಾವದ ಮಾತು ಮಕ್ಕಳಿಬ್ಬರಿಗೂ ಹೊಸದು. ಡಾಕ್ಟರು ಹೊಸ ಮಾತ್ರೆಯ ಒಳ್ಳೆಯದು ಕೆಟ್ಟದ್ದು ಎರಡನ್ನೂ, ಕರೆಂಟಿನ ವಿಷಯವನ್ನೂ, ಏನೂ ತೆಗೆದುಕೊಳ್ಳದೆ ಇದ್ದರೆ ಏನಾಗಬಹುದೆಂಬುದನ್ನೂ ಅವಳಿಗೆ ಹೇಳಿದರು.

"ಕಾರ್ತೀಕದಾಗೆ ಕುರಿ ಮರಿ ಆಕ್ತವೆ. ಆ ಹೊತ್ತಿಗೆ ನಾನು ರೊಪ್ಪಕ್ಕೆ ಓಗಂಗಾಗ್ತೀನಾ?"

"ಆಗಬಹುದು ಅಮ್ಮಾ. ಮಾತು ಕೊಡೋಕೆ ಆಗಲ್ಲ. ಹತ್ತು ಜನರಲ್ಲಿ ಐದಾರು ಜನರಿಗೆ ಮೊದಲ ಮಾತ್ರೆಯಲ್ಲೇ ಗುಣ ಕಾಣುತ್ತೆ. ನಿಮಗೆ ಕಾಣದೇ ಹೋದ್ರೆ ಬೇರೆ ನೋಡಬೇಕಾಗುತ್ತೆ."

ಅವ್ವನ ಮುಖದಲ್ಲಿ ಸಂತೆಯ ಕಳೆಯೊಂದು ಮಿಂಚಿ ಹೋದದ್ದನ್ನು ಚಂದ್ರಿಕಾ ಕಂಡಳು. ಕುರಿಯ ಕಾಲು ಕುಂಟೆಂದು ಮೊದಲೇ ಒಪ್ಪಿಕೊಂಡ ಮಾರಾಟಗಾರನನ್ನು ಅವಳು ಹೀಗೇ ನೋಡುತ್ತಿದ್ದಳು.

"ಕೈಗೆ ಕೊಡ್ಲಿ" ಎಂದಳು ಮಾರಕ್ಕ. "ತಗೋತೀನಿ. ಬ್ಯಾಡ ಅನ್ಸಿದ್ ದಿನ ಬ್ಯಾಡ ಅಂತೀನಿ. ಅವತ್ತು ನನ್ ಕೇಳ್ಬೇಕು, ಒಲೆ ಮುಂದೆ ಕೂತು ಮಸಲತ್ತು ಮಾಡ್ಬಾರ್ದು."

ಹಟ್ಟಿಗೆ ಬಂದ ದಿನ ಅವಳು ಹೇಳಿದ ಮೊದಲ ಕೆಲಸ ಕರಿಯನನ್ನು ಬಿಡಿಸಿ ತರುವುದು. ಗಿರಿ ಹೋಗಿ ತಂದ. ನಾಯಿ ಅಂಗಳವೆಲ್ಲ ಸುತ್ತಿ, ಮಣ್ಣು ಕೆರೆದು, ಬೇಲಿಯ ಕಲ್ಲಿನ ಪಕ್ಕ ಹೋಗಿ ಕೂತಿತು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಾದೇವಿ ತಟ್ಟೆ ತಂದಳು. ಅಂಚಿನಲ್ಲಿ, ಉಪ್ಪಿನ ಪಕ್ಕದಲ್ಲಿ, ಹೊಸ ಮಾತ್ರೆ ಎಲ್ಲರಿಗೂ ಕಾಣುವಂತೆ ಇತ್ತು. ಮಾರಕ್ಕ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಮೇಲೆ ಮುದ್ದೆಯ ಮೇಲೆ ಎರಡೂ ಹೆಬ್ಬೆರಳಿಟ್ಟು ಒತ್ತಿ, ಹಣ್ಣು ಬಿಡಿಸುವಂತೆ ಎರಡು ಹೋಳು ಮಾಡಿದಳು. ಹಬೆ ಎದ್ದಿತು. ಒಂದು ಹೋಳನ್ನು ಬೆರಳಿನಿಂದ ಕೆದಕಿ ನೋಡಿದಳು. ಇನ್ನೊಂದನ್ನೂ ನೋಡಿದಳು.

"ಏನಿಲ್ಲ ಅತ್ತೆ" ಎಂದಳು ಮಾದೇವಿ, ಅಳುವ ದನಿಯಲ್ಲಿ. "ನನ್ ಮಕ್ಳಾಣೆ, ಏನೂ ಇಲ್ಲ."

ಮಾರಕ್ಕ ಒಂದು ತುತ್ತು ಮುರಿದು ಮೊದಲು ತಾನು ತಿಂದಳು, ನಿಧಾನವಾಗಿ, ಅಗಿದು. ಅದು ಗಂಟಲಲ್ಲಿ ಇಳಿದ ಮೇಲೆ ಇನ್ನೊಂದು ತುತ್ತು ಮುರಿದು ನಾಯಿಗೆ ಹಾಕಿದಳು.

ಮಧ್ಯಾಹ್ನವೂ ಹಾಗೇ ಮಾಡಿದಳು, ರಾತ್ರಿಯೂ. ಗಿರಿ ಎದುರಿಗೇ ಉಣ್ಣುತ್ತ ಕೂತಿರುತ್ತಿದ್ದ. ಅವ್ವನ ಬೆರಳು ಮುದ್ದೆಯನ್ನು ಸೀಳುವಾಗ ಅವನ ಕೈ ತಟ್ಟೆಯಲ್ಲಿ ನಿಲ್ಲುತ್ತಿತ್ತು. ಚಂದ್ರಿಕಾ ವಾರದ ಕೊನೆಗೆ ಬಂದಾಗ ಇದನ್ನು ನೋಡಿದಳು. ಅವ್ವನ ಪಕ್ಕದಲ್ಲಿ ಕೂತು ತನ್ನ ತಟ್ಟೆಯ ಮುದ್ದೆಯನ್ನೂ ಎರಡು ಹೋಳು ಮಾಡಿ, ಅವಳಿಗೆ ಕಾಣುವಂತೆ ಇಟ್ಟಳು.